ಕಾಲುವೆ ದಂಡೆಯ ಅಮಾನತ್ತು

"ಕರುಳು ತೊಳೆಯೋಕೂ ಬರಲ್ವೇನೇ ಮುಂಡೆ ನಿಂಗೆ? ಇದನ್ನ ಹಿಂಗೇ ಬೇಯಿಸಿ ಬಡಿಸಿದ್ರೆ ನನ್ನ ನೆಂಟರು ಲದ್ದಿ ತಿಂದಂಗಾಯ್ತದೆ."

ಧಣಿಯ ಹೆಂಡತಿ ಕುಲ್ಯಾಶ್ ಕಾಲುವೆ ದಂಡೆಯ ಮೇಲೆ ನಿಂತು, ಹೊಸ ಲಂಗ ಕೆಸರಾಗದ ಹಾಗೆ ಎತ್ತಿ ಹಿಡಿದುಕೊಂಡು ಹೇಳಿದಳು. ಕೆಳಗೆ ನೀರಿನಂಚಿನಲ್ಲಿ ಬುರುಲ್ ಕುಕ್ಕರಗಾಲಲ್ಲಿ ಕೂತು ಕುದುರೆಯ ಕರುಳನ್ನು ಒಳಮಗ್ಗುಲು ಹೊರಗೆ ಮಾಡಿ ಉಪ್ಪು ಹಾಕಿ ತಿಕ್ಕುತ್ತಿದ್ದಳು. ಬೆಟ್ಟದ ಹಿಮ ಕರಗಿ ಬರುವ ನೀರು. ಯಾವುದು ಬೆರಳು ಯಾವುದು ಕರುಳು ಎಂದು ತಿಳಿಯದಷ್ಟು ಕೈ ಮರಗಟ್ಟಿತ್ತು. ಆ ಕೈಗಳೂ ಕಪ್ಪು. ಬೇಸಿಗೆಯುದ್ದಕ್ಕೂ ಹೊಗೆಸೊಪ್ಪು ಮುರಿದು ಅಂಟಿದ ಅಂಟು ಚರ್ಮದೊಳಗೇ ಇಳಿದಿತ್ತು.

"ಆ ಕೈ ನೋಡು, ಹೆಣದ ಕೈ ಇದ್ದಂಗದೆ. ಜಿಲ್ಲೆ ಸಾಹೇಬ್ರು ಬರ್ತಾವ್ರೆ. ಅವರ ಮುಂದೆ ಕೈ ತೋರಿಸ್ಬೇಡ, ತಟ್ಟೆ ಇಟ್ಟು ಹಿಂದಕ್ಕೆ ಕಟ್ಕೋ."

ಬುರುಲ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಕಾಲುವೆಯ ಆಚೆ, ಪಾಪ್ಲರ್ ಮರಗಳ ಬುಡದಲ್ಲಿದ್ದ ಬಯಲಿನ ಮೇಲಿತ್ತು. ಅಲ್ಲಿ ಧಣಿಯ ಟ್ರ್ಯಾಕ್ಟರು ಮುಂದಕ್ಕೂ ಹಿಂದಕ್ಕೂ ಓಡಾಡುತ್ತ ನೆಲ ಸಮ ಮಾಡುತ್ತಿತ್ತು.

"ಅಕ್ಕಾ, ಅಲ್ಲಿ ಟ್ರ್ಯಾಕ್ಟರ್ ಯಾಕೆ?"

"ನೆಂಟರು ಕಾರು ಎಲ್ಲಿ ನಿಲ್ಲಿಸ್ತಾರೆ, ನಿನ್ ತಲೆ ಮೇಲಾ?"

"ಅಲ್ಲಿ ನಮ್ಮನೆಯವರವ್ರೆ."

ಕುಲ್ಯಾಶ್ ಒಂದು ಗಳಿಗೆ ಅತ್ತ ನೋಡಿದಳು. ಆಮೇಲೆ ಲಂಗ ಇನ್ನೊಂದಿಷ್ಟು ಮೇಲಕ್ಕೆತ್ತಿಕೊಂಡಳು.

"ಅಲ್ಲಿ ಯಾರೂ ಇಲ್ಲ. ಕರುಳು ತೊಳಿ."

ಬುರುಲ್ ಈ ಕಝಾಕ್ ನಾಡಿನವಳಲ್ಲ. ಗಡಿಯಾಚೆ, ಓಶ್ ಕಡೆಯ ಬೆಟ್ಟಗಳ ನಡುವಿನ ಒಂದು ಕಿರ್ಗಿಜ್ ಹಳ್ಳಿಯವಳು. ಆ ಹಳ್ಳಿಯಲ್ಲಿ ವಸಂತ ಬಂತೆಂದರೆ ಗಟ್ಟಿಮುಟ್ಟಾದವರೆಲ್ಲ ಎಲ್ಲಾದರೂ ಹೋಗುವವರೇ. ಕೆಲವರು ರಷ್ಯಾಕ್ಕೆ, ಕೆಲವರು ಕಝಾಕರ ಹೊಗೆಸೊಪ್ಪಿನ ಹೊಲಗಳಿಗೆ. ಬುರುಲ್ ಮತ್ತು ಅವಳ ಗಂಡ ಎರ್ಗೆಶ ಹೊರಟಿದ್ದು ಹೊಗೆಸೊಪ್ಪಿಗೆ. ಕರೆದುಕೊಂಡು ಹೋಗುವವಳು ಪಕ್ಕದ ಮನೆಯ ಕಲ್ಬೂ. ಅವಳು ವರ್ಷ ವರ್ಷವೂ ಹೋಗಿ ಬಂದವಳು, ಆಳು ಕರೆತಂದಿದ್ದಕ್ಕೆ ಧಣಿಯಿಂದ ಶಾಲು ಹೊದ್ದವಳು.

ಹೋಗುವ ಮುಂಚೆ ಕಲ್ಬೂ ತನ್ನ ಹಿತ್ತಲಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಪಾಠ ಹೇಳಿದ್ದಳು. ಬಸ್ಸಿನಲ್ಲಿ ಕೂಲಿಯವರ ಹಾಗೆ ಕೂರಬಾರದು, ಮದುವೆಗೆ ಹೊರಟವರ ಹಾಗೆ ಕೂರಬೇಕು. ಒಳ್ಳೆಯ ಬಟ್ಟೆ ಹಾಕಬೇಕು, ಮಡಿಲಲ್ಲಿ ಮಿಠಾಯಿ ಡಬ್ಬಿ ಇರಬೇಕು, ಒಂದು ಹೊಸ ರಜಾಯಿ ಎದ್ದು ಕಾಣಬೇಕು. ಗಡಿಯ ಸಿಪಾಯಿ ಕೇಳಿದರೆ ಚಿಕ್ಕಪ್ಪನ ಮಗನ ಮದುವೆ ಎನ್ನಬೇಕು. ಅವನ ಕಣ್ಣು ನೋಡಬಾರದು, ನೆಲವನ್ನೂ ನೋಡಬಾರದು, ಅಂಗಿಯ ಗುಂಡಿ ನೋಡಬೇಕು. ಇನ್ನು ಹೊಲದಲ್ಲಿ ತನಿಖೆಯವರು ಬಂದರೆ ಸಾಲುಗಳ ನಡುವೆ ಬೋರಲು ಬೀಳಬೇಕು, ಗಾಡಿಯ ಸದ್ದು ಅಡಗುವ ತನಕ ಮಣ್ಣಿಗೆ ಮೂಗು ಹಚ್ಚಿ ಬಿದ್ದಿರಬೇಕು.

ಅದನ್ನು ಬರೀ ಹೇಳಿ ಬಿಡಲಿಲ್ಲ ಕಲ್ಬೂ, ಹಿತ್ತಲಲ್ಲೇ ಮಲಗಿಸಿ ನೋಡಿದಳು. ಎರ್ಗೆಶ ಆರಡಿ ಆಳು, ದಪ್ಪ ಮೀಸೆ. ಮಣ್ಣಿನಲ್ಲಿ ಬೋರಲು ಬಿದ್ದಾಗ ಕೋಳಿಯೊಂದು ಬೆನ್ನ ಮೇಲೆ ಹತ್ತಿ ನಿಂತಿತು. ಅವನು ನಕ್ಕು ಕುಲುಕಾಡಿದ.

"ನಗಬೇಡ್ವೋ ಬೇವರ್ಸಿ," ಎಂದಿದ್ದಳು ಕಲ್ಬೂ. "ಅಲ್ಲಿ ನಾವು ಇಲ್ವೇ ಇಲ್ಲ ಅನ್ನಂಗಿರಬೇಕು. ಇಲ್ದೇ ಇರೋದನ್ನ ಕಲಿ ಮೊದ್ಲು."

ಗಂಟು ಕಟ್ಟುವಾಗಲೂ ಕಲ್ಬೂ ಬಂದು ನಿಂತಳು. ಸೂಜಿ, ದಾರ, ಉಪ್ಪು, ಹಳೆಯ ತಲೆವಸ್ತ್ರ ಎಲ್ಲ ಇದೆಯೇ ಎಂದು ನೋಡಿ, ಒಂದು ಕಪ್ಪು ವಸ್ತ್ರವನ್ನೂ ಇಟ್ಟುಕೋ ಎಂದಳು. ಗಂಡ ಸತ್ತವಳು ಹೊದೆಯುವ ವಸ್ತ್ರ ಅದು. ಬುರುಲ್‌ಗೆ ಸಿಟ್ಟು ಬಂತು, ನಿನ್ನ ಬಾಯಲ್ಲಿ ಒಳ್ಳೆಯದು ಬರುವುದಿಲ್ಲವೇ ಎಂದಳು. ಕಲ್ಬೂ ಬೇಜಾರು ಮಾಡಿಕೊಳ್ಳಲಿಲ್ಲ.

"ಇಲ್ಲಾದ್ರೆ ಪಕ್ಕದ ಮನೆಯಿಂದ ತರ್ತೀಯ. ಅಲ್ಲಿ ಯಾರೂ ಕೊಡಲ್ಲ ಕಣೆ."

ಬುರುಲ್ ಅದನ್ನು ಗಂಟಿನ ತಳದಲ್ಲಿ, ರಜಾಯಿಯ ಅಡಿಯಲ್ಲಿ ಇಟ್ಟಳು.

ಧಣಿ ಬೈಜಾನ ಅವರನ್ನು ಬರಮಾಡಿಕೊಂಡ ಮೊದಲ ದಿನವೇ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಸೊಪ್ಪು ಮಾರಿದ ಮೇಲೆ ಕೂಲಿ, ಅದರ ಜೊತೆಗೇ ಪಾಸ್‌ಪೋರ್ಟು. ಯಾರ ಹೆಸರನ್ನೂ ಅವನು ಕೇಳಲಿಲ್ಲ. ಎಲ್ಲರೂ ಅವನಿಗೆ ಕಿರ್ಗಿಜ್ ಅಷ್ಟೆ. ಗಂಡಸಾದರೆ ಏ ಕಿರ್ಗಿಜ್, ಹೆಂಗಸಾದರೆ ಬಾರೇ ಕಿರ್ಗಿಜ್.

ಸೊಪ್ಪು ಒಣಗಿಸುವ ಕೊಟ್ಟಿಗೆಯ ಒಂದು ಮೂಲೆ ಅವರ ಮನೆ. ಬೆಳಗಿನ ಇಬ್ಬನಿಯಲ್ಲಿ ಎಲೆ ಮುರಿಯುವುದು, ಬಿಸಿಲೇರಿದ ಮೇಲೆ ಮೊಳದುದ್ದದ ಸೂಜಿಯಲ್ಲಿ ಎಲೆ ಪೋಣಿಸುವುದು, ಸರ ಮಾಡಿ ಗಳುಗಳಿಗೆ ನೇತುಹಾಕುವುದು. ಮೊದಲ ವಾರ ಎಲ್ಲರೂ ತಲೆ ತಿರುಗಿ ವಾಂತಿ ಮಾಡಿಕೊಂಡರು. ಕೈ ತೊಳೆಯದೆ ರೊಟ್ಟಿ ಮುರಿದರೆ ರೊಟ್ಟಿ ವಿಷದ ಹಾಗೆ ಕಹಿ. ಕಾಯಿ ಟೊಮೇಟೊ ಹಿಚುಕಿ ಉಜ್ಜಿದರೆ ಅಂಟು ಒಂದಿಷ್ಟು ಬಿಡುತ್ತದೆ ಎಂದು ಬುರುಲ್ ಕಲಿತಳು. ಕಝಾಕರ ಹಾಗೆ ನಾಲಿಗೆ ಹೊರಳಿಸಿ ಮಾತಾಡಲು ಕಲಿತಳು. ಅಂಗಡಿಯಲ್ಲಿ ಕೊನೆಗೆ ನಿಲ್ಲಲು ಕಲಿತಳು. ತನಿಖೆಯ ಗಾಡಿ ಬಂದಾಗ ಸಾಲುಗಳ ನಡುವೆ ಗಂಡನ ಪಕ್ಕ ಬೋರಲು ಬಿದ್ದು, ಧಣಿ ದೂರದಲ್ಲಿ, "ಇಲ್ಲಿ ಯಾರೂ ಇಲ್ಲ ಸಾಹೇಬ್ರೆ, ನಾವೇ ಮನೆಮಂದಿ ಮಾಡ್ಕೋತೀವಿ," ಎನ್ನುವುದನ್ನು ಕೇಳಲು ಕಲಿತಳು. ಆಗೆಲ್ಲ ಎರ್ಗೆಶ ಎಲೆಗಳ ಕೆಳಗಿನಿಂದ ಕೈ ಚಾಚಿ ಅವಳ ಕಿರುಬೆರಳು ಹಿಡಿದುಕೊಳ್ಳುತ್ತಿದ್ದ. ಅಷ್ಟೇ ಸಂಸಾರ.

ಸೊಪ್ಪಿಗೆ ಹುಳ ಬಿದ್ದ ಕಾಲಕ್ಕೆ ಎರ್ಗೆಶನ ಬೆನ್ನಿಗೆ ಹುಳದ ಔಷಧಿ ಹೊಡೆಯುವ ಡಬ್ಬಿ ಬಂತು. ಮುಚ್ಚಳ ಸಡಿಲವಾಗಿತ್ತು, ಬೆನ್ನ ಮೇಲೆ ಸೋರುತ್ತಿತ್ತು. ಬಾಯಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಡಿ ಎಂದು ಅವನು ಧಣಿಯನ್ನು ಕೇಳಿದ. ಬೈಜಾನ ಅವನ ಮುಖ ನೋಡಿ ಜೋರಾಗಿ ನಕ್ಕ.

"ಇಷ್ಟು ದೊಡ್ಡ ಮೀಸೆ ಬಿಟ್ಟಿದ್ದೀಯಲ್ಲೋ ಬೋಳಿಮಗನೆ, ಅದು ಸಾಲದಾ?"

ಬಿಸಿಲೇರುವ ಹೊತ್ತಿಗೆ ಎರ್ಗೆಶ ಸಾಲಿನಲ್ಲಿ ಬಿದ್ದ. ಬಾಯಲ್ಲಿ ನೊರೆ. ಎಲ್ಲರೂ ತನಿಖೆಯವರು ಬಂದರೆಂದೇ ತಿಳಿದರು. ಅವನು ಬಿದ್ದಿದ್ದನ್ನು ನೋಡಿ ಪಕ್ಕದ ಸಾಲಿನವರು ತಾವೂ ಬೋರಲು ಬಿದ್ದರು. ಅವರ ಪಕ್ಕದವರೂ ಬಿದ್ದರು. ಇಡೀ ಹೊಲ ಮಣ್ಣಿಗೆ ಮೂಗು ಹಚ್ಚಿ, ಬಾರದ ಗಾಡಿಯ ಸದ್ದು ಅಡಗಲೆಂದು ಕಾಯುತ್ತ ಬಿದ್ದಿತ್ತು. ಬುರುಲ್ ಎಲೆಗಳ ಅಡಿಯಿಂದ ಕೈ ಚಾಚಿದಾಗ ಆ ಕಡೆಯ ಕೈ ಅವಳ ಬೆರಳು ಹಿಡಿಯಲಿಲ್ಲ. ಆಗ ಗೊತ್ತಾಯಿತು.

ಆಸ್ಪತ್ರೆಗೆ ಒಯ್ಯಲು ಕಾರು ಕೇಳಿದರೆ ಬೈಜಾನ ಆಗದು ಎಂದ, ಅಲ್ಲಿ ಕಾಗದ ಕೇಳುತ್ತಾರೆ ಎಂದ, ಹುಳಿ ಮಜ್ಜಿಗೆ ಕುಡಿಸಿ ಎಂದ. ಮಜ್ಜಿಗೆ ಗಂಟಲಿಗೆ ಇಳಿಯುವ ಮುಂಚೆ ಎರ್ಗೆಶನ ಉಸಿರು ನಿಂತಿತು.

ಕಿರ್ಗಿಜರಲ್ಲಿ ಸತ್ತವನನ್ನು ಸುಮ್ಮನೆ ಕಳಿಸುವುದಿಲ್ಲ. ಹೆಂಡತಿಯಾದವಳು ಕಪ್ಪು ಹೊದ್ದು, ಜನಕ್ಕೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತು, ಸೊಂಟಕ್ಕೆ ಕೈಯೂರಿ ಕೊಶೋಕ್ ಎಂಬ ಸಾವಿನ ಹಾಡು ಹಾಡಬೇಕು. ಸತ್ತವನು ಹೇಗೆ ಬದುಕಿದ, ಯಾರಿಗೆ ಏನು ಕೊಟ್ಟ, ಯಾರಿಂದ ಏನು ನೊಂದ ಎಲ್ಲ ಆ ಹಾಡಿನಲ್ಲಿ ಬರಬೇಕು. ಹೊರಗೆ ಗಂಡಸರು ಸೊಂಟ ಬಿಗಿದು ಕೋಲೂರಿ ನಿಂತು "ಅಣ್ಣಾ, ನನ್ನಣ್ಣಾ" ಎಂದು ದನಿಗೂಡಿಸಬೇಕು. ಹಾಡುವವಳನ್ನು ನಡುವೆ ಯಾರೂ ತಡೆಯುವ ಹಾಗಿಲ್ಲ. ಹಿರಿಯ ಹೆಂಗಸೊಬ್ಬಳು ಬಂದು ಸಾಕು ಮಗಳೇ ಎಂದು ರಟ್ಟೆ ಹಿಡಿದು ಎಬ್ಬಿಸುವವರೆಗೆ ಅವಳ ಬಾಯಿ ಅವಳದ್ದೇ. ಕಝಾಕರಲ್ಲೂ ಇದೇ ಪದ್ಧತಿ. ಬುರುಲ್‌ಗೆ ಇದನ್ನು ಕಲಿಸಿದ್ದು ಅವಳ ಅತ್ತೆ. ಸೊಸೆಯ ಒರಟು ದನಿ ಕೇಳಿ, ನಾನು ಸತ್ತಾಗ ನೀನು ಹಾಡಿದರೆ ಗೋರಿಗೆ ಬಂದವರು ಕತ್ತೆ ಹುಡುಕುತ್ತಾರೆ ಎಂದು ಮುದುಕಿ ನಗುತ್ತಿದ್ದಳು. ಸತ್ತಾಗ ಬುರುಲ್ ಅವಳಿಗೆ ಚೆನ್ನಾಗಿಯೇ ಹಾಡಿದ್ದಳು.

ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಕೂತು ಅವಳು ಗಂಡನ ಹೆಸರು ಎತ್ತಿದ್ದಷ್ಟೆ, ಬೈಜಾನ ಓಡಿಬಂದ. ಕಾರು ಒರೆಸುವ ಬಟ್ಟೆ ಅವನ ಕೈಯಲ್ಲಿತ್ತು. ಅದನ್ನೇ ಅವಳ ಬಾಯಿಗೆ ತುರುಕಿದ.

"ಬಾಯಿ ಮುಚ್ಚೇ ರಂಡೆ. ರಸ್ತೆಗೆ ಕೇಳಿಸ್ತದೆ. ಇಲ್ಲಿ ಯಾರೂ ಸತ್ತಿಲ್ಲ. ಇಲ್ಲಿ ಯಾರೂ ಇರಲೇ ಇಲ್ಲ."

ಗಂಡನ ಬಾಯಿಗೆ ಸಿಗದ ಬಟ್ಟೆ ಅವಳ ಬಾಯಿಗೆ ಸಿಕ್ಕಿತು. ಎಣ್ಣೆ, ಧೂಳು, ಸತ್ತ ನೊಣದ ರುಚಿ.

ಸಂಜೆಗೆ ಅವಳ ಊರಿನವನೇ ಆದ ಮುದುಕ ಮಾಮಸಾಲಿ ಹೆಣ ತೊಳೆದು, ತನಗೆ ಬಂದಷ್ಟು ಪ್ರಾರ್ಥನೆ ಹೇಳಿದ. ಕಾಲುವೆಯ ಆಚೆ ಮಣ್ಣು ಮಾಡಿದರು. ಇದು ಮಣ್ಣು ಮಾಡುವುದಲ್ಲ, ಅಮಾನತ್ತು ಎಂದ ಮಾಮಸಾಲಿ. ಪರದೇಶದಲ್ಲಿ ಸತ್ತವನನ್ನು ಹಾಗೆ ನೆಲದ ವಶಕ್ಕೆ ಇಟ್ಟು, ಕಾಲ ಕೂಡಿ ಬಂದಾಗ ತೆಗೆದು ಊರಿಗೆ ಒಯ್ಯಬಹುದು. ನೆಲ ಅವನನ್ನು ಕಾದು ಕೊಡುತ್ತದೆ. ಬೈಜಾನನೂ ಹೂಂ ಎಂದ. ಸೊಪ್ಪು ಮಾರಿದ ಮೇಲೆ ನನ್ನದೇ ಗಾಡಿ ಕೊಡುತ್ತೇನೆ, ಅಲ್ಲಿಯವರೆಗೆ ಉಸಿರೆತ್ತಬೇಡ ಎಂದ.

ಬುರುಲ್ ಉಸಿರೆತ್ತಲಿಲ್ಲ. ಒಂದು ಚಪ್ಪಟೆ ಕಲ್ಲನ್ನು ತಲೆಯ ಕಡೆ ನೆಟ್ಟಳು. ದಿನಾ ಎಲೆ ಪೋಣಿಸುತ್ತ ಒಂದೊಂದು ಎಲೆಗೆ ಒಂದೊಂದು ಸಾಲು ಹಾಡನ್ನು ಒಳಗೊಳಗೇ ಕಟ್ಟಿದಳು. ಎರ್ಗೆಶ ಕುದುರೆ ಪಳಗಿಸಿದ್ದು, ಕೋಳಿ ಬೆನ್ನೇರಿದ್ದು, ಎಲೆಗಳ ಅಡಿಯಿಂದ ಬೆರಳು ಹಿಡಿದದ್ದು. ಊರಿನಲ್ಲಿ ಅವನನ್ನು ಇಳಿಸಿದ ದಿನ ಎಲ್ಲರೆದುರು ಹಾಡಬೇಕು. ಆ ಹಾಡು ಗಂಟಲಲ್ಲಿ ನುಂಗಲೂ ಆಗದೆ ಉಗುಳಲೂ ಆಗದೆ ಬೆಳೆಯುತ್ತ ಹೋಯಿತು. ಸೊಪ್ಪು ಒಣಗಿತು, ಮೂಟೆಯಾಯಿತು, ಮಾರಾಟವೂ ಆಯಿತು. ಬೈಜಾನ ಗಾಡಿಯ ಮಾತೆತ್ತಲಿಲ್ಲ. ತನಗೆ ಅರವತ್ತು ತುಂಬುವ ಔತಣ ಮುಗಿಯಲಿ, ಆಮೇಲೆ ನೋಡೋಣ ಎಂದ.

ಔತಣದ ದಿನ ಟ್ರ್ಯಾಕ್ಟರು ಬಂತು.

ಬುರುಲ್ ಕರುಳನ್ನು ಬುಟ್ಟಿಗೆ ಹಾಕಿ, ಕಾಲುವೆ ದಾಟಿ ಹೋದಳು. ದಿಬ್ಬ ಇರಲಿಲ್ಲ. ಗಾಲಿಯ ಗುರುತುಗಳು ಒಂದರ ಮೇಲೊಂದು ಹಾದು ಬಯಲು ತವೆಯ ಹಾಗೆ ಮಟ್ಟಸವಾಗಿತ್ತು. ಚಪ್ಪಟೆ ಕಲ್ಲು ಕಾಲುವೆಯ ನೀರಿನಲ್ಲಿ ಬಿದ್ದಿತ್ತು. ಯಾವ ಮರದಿಂದ ಎಷ್ಟು ದೂರ, ತಲೆ ಯಾವ ಕಡೆ ಎಂದು ಅಂದಾಜು ಮಾಡುತ್ತ ಅವಳು ಸುತ್ತಿದಳು. ಟ್ರ್ಯಾಕ್ಟರು ಎರಡು ಮರಗಳನ್ನೂ ಕೆಡವಿತ್ತು. ಮೊದಲ ಕಾರುಗಳು ಬಂದು ನಿಲ್ಲತೊಡಗಿದವು. ಅವುಗಳಲ್ಲಿ ಯಾವುದೋ ಒಂದು ಎರ್ಗೆಶನ ಮೇಲೆ ನಿಂತಿತ್ತು. ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಬೈಜಾನ ಅಂಗಳದಲ್ಲಿ ಜರಿಯ ನಿಲುವಂಗಿ ತೊಟ್ಟು, ಕನ್ನಡಿ ಹಿಡಿಸಿಕೊಂಡು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಅವಳು ಬಂದು ನಿಂತದ್ದು ಕನ್ನಡಿಯಲ್ಲಿ ಕಂಡಿತು.

"ಧಣಿ, ಅಮಾನತ್ತು ಅಂದಿದ್ರಿ."

"ಯಾವ ಅಮಾನತ್ತೇ? ಮಣ್ಣಿಗೆ ಹಾಕಿದ್ದು ಮಣ್ಣಿಗೇ ಆಯ್ತು. ಎಲ್ಲಾ ಮಣ್ಣೂ ದೇವರದೇ, ಇಲ್ಲೇನು, ನಿಮ್ಮೂರಲ್ಲೇನು." ಅವನು ತಿರುಗಿ ನೋಡಲಿಲ್ಲ. "ಇವತ್ತು ಈ ಅಳುಮುಖ ತಗೊಂಡು ನೆಂಟರ ಮುಂದೆ ಬಂದ್ಯೋ, ಒದ್ದು ಕಾಲುವೆಗೆ ಕೆಡವ್ತೀನಿ. ನಗ್ತಾ ಬಡಿಸ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಧಣಿ."

ಕೊಟ್ಟಿಗೆಯಲ್ಲಿ ಅವಳು ಗಂಟು ಬಿಚ್ಚಿ ತಳದಿಂದ ಕಪ್ಪು ವಸ್ತ್ರ ತೆಗೆದು ಒಳ ಅಂಗಿಯಲ್ಲಿ ಸೇರಿಸಿಕೊಳ್ಳುವಾಗ ಕಲ್ಬೂ ನೋಡಿದಳು. ಅವಳ ಮೈಮೇಲೆ ಧಣಿ ಕೊಟ್ಟ ಹೊಸ ಶಾಲಿತ್ತು.

"ಏನ್ ಮಾಡ್ತಿದ್ದೀಯೆ?"

"ನೀನೇ ಅಲ್ವಾ ಹೇಳಿದ್ದು, ಅಲ್ಲಿ ಯಾರೂ ಕೊಡಲ್ಲ ಅಂತ."

"ಬೇಡ ಕಣೆ ಬುರುಲ್. ನಮ್ಮೆಲ್ಲರ ಪಾಸ್‌ಪೋರ್ಟೂ ಆ ಪೆಟ್ಟಿಗೇಲದೆ."

"ನಮ್ಮನೆಯವರದ್ದೂ ಅಲ್ಲೇ ಅದೆ," ಎಂದಳು ಬುರುಲ್. "ಅವರೇ ಎಲ್ಲವ್ರೋ ಗೊತ್ತಿಲ್ಲ, ಪಾಸ್‌ಪೋರ್ಟ್ ಭದ್ರವಾಗದೆ."



ಅಂಗಳದ ನಡುವೆ ಬಿಳಿ ಕಂಬಳಿಯ ದೊಡ್ಡ ಗುಡಾರ ಎದ್ದಿತ್ತು. ಬಾಗಿಲಿಗೆ ಎದುರಾದ ಮೇಲುಜಾಗದಲ್ಲಿ ಬೈಜಾನ, ಅವನ ಬಲಕ್ಕೆ ಜಿಲ್ಲೆಯ ಸಾಹೇಬರು, ಎಡಕ್ಕೆ ಮುಲ್ಲಾ, ಅವನಾಚೆ ಕಿವಿ ಮಂದವಾದ, ಕಣ್ಣೂ ಮಂಜಾದ ಧಣಿಯ ಸೋದರಮಾವ. ಮುಲ್ಲಾ ಧಣಿಗೆ ನೂರು ವರ್ಷ ಆಯಸ್ಸು ಬೇಡಿದ. ಬಾಡಿಗೆಗೆ ಬಂದ ಹಾಡುಗಾರ ತಂತಿ ಮೀಟಿ ಬೈಜಾನನನ್ನು ಬಡವರ ಚಪ್ಪರ ಎಂದು, ಪರದೇಶಿಗಳ ತಂದೆ ಎಂದು ಹೊಗಳಿದ. ಒಬ್ಬೊಬ್ಬ ನೆಂಟನೂ ಎದ್ದು ನಿಂತು ಹಾರೈಸುವುದೋ ಹಾಡುವುದೋ ಮಾಡುತ್ತಿದ್ದ. ಅದು ಔತಣದ ರೂಢಿ.

ಬುರುಲ್ ಮಾಂಸದ ಹರಿವಾಣ ಹೊತ್ತು ಒಳಗೆ ಬಂದಳು. ನಗುತ್ತಿದ್ದಳು.

ಸಾಹೇಬರು ಅವಳ ಕೈ ನೋಡಿ, ಇವರು ಎಲ್ಲಿಯವರು ಎಂದು ಕೇಳಿದರು. ಬೈಜಾನ ಕುಡಿದ ಖುಷಿಯಲ್ಲಿದ್ದ.

"ಗಡಿಯಾಚೆಯ ನೆಂಟರು ಸಾಹೇಬ್ರೆ, ನೋಡ್ಕೊಂಡು ಹೋಗಾಕೆ ಬಂದವ್ರೆ. ನಮ್ಮನೆ ಮಕ್ಕಳಿದ್ದಂಗೆ. ಬೇಕಾದ್ರೆ ಕೇಳಿ. ಏ ಕಿರ್ಗಿಜ್, ನಿಂಗಿಲ್ಲೇನೇ ಕಮ್ಮಿಯಾಗದೆ? ಎಲ್ಲರೂ ಹಾಡಿದ್ರು, ನೀನೂ ನನ್ನ ಹೆಸರಲ್ಲಿ ಒಂದು ಹಾಡೇ."

ಗುಡಾರದಲ್ಲಿ ನಗು ಎದ್ದಿತು.

"ಧಣಿ ಹೆಸರಲ್ಲೇ ಹಾಡ್ಲಾ?"

"ನನ್ನ ಹೆಸರಲ್ಲೇ. ಗಟ್ಟಿಯಾಗಿ. ರಸ್ತೆಗೆ ಕೇಳಿಸ್ಬೇಕು."

ಬುರುಲ್ ಹರಿವಾಣವನ್ನು ಅವನ ಮುಂದಿಟ್ಟಳು. ಎದೆಯಿಂದ ಕಪ್ಪು ವಸ್ತ್ರ ಎಳೆದು ತಲೆಗೆ ಬಿಗಿದಳು. ಹೆಂಗಸರ ಬದಿಗೆ ಹೋಗಿ, ಎಲ್ಲರಿಗೂ ಬೆನ್ನು ತಿರುಗಿಸಿ, ಗುಡಾರದ ಜಾಲರಿಗೋಡೆಗೆ ಮುಖ ಮಾಡಿ ಕೂತಳು. ಎರಡು ಕಪ್ಪು ಕೈಗಳನ್ನೂ ಸೊಂಟಕ್ಕೆ ಊರಿದಳು.

ನಗು ಒಂದು ಮೂಲೆಯಿಂದ ಆರುತ್ತ ಬಂತು.

"ಅರವತ್ತಕ್ಕೇ ಹೋದೆಯಾ, ನನ್ನ ಧಣಿ ಬೈಜಾನನೇ,
ಅಗಲದ ಹೊಲ ಬಿಟ್ಟು ಹೋದೆಯಾ.
ಪೆಟ್ಟಿಗೆಯ ಕೀಲಿ ಸೊಂಟದಲ್ಲೇ ಐತೆ,
ಕೊಟ್ಟುಹೋಗೋಕೆ ಯಾರೂ ಇಲ್ಲದೆ ಹೋದೆಯಾ."

ಅದೇ ರಾಗ. ಹುಟ್ಟಿದ ಲಾಗಾಯ್ತು ಪ್ರತಿಯೊಂದು ಸಾವಿನ ಮನೆಯಲ್ಲಿ ಅವರೆಲ್ಲ ಕೇಳಿದ ರಾಗ. ಒರಟು ದನಿ ಕಂಬಳಿಯನ್ನು ಸೀಳಿಕೊಂಡು ಅಂಗಳಕ್ಕೆ ಹೋಯಿತು. ಹಾಡುಗಾರನ ಕೈ ತಂತಿಯ ಮೇಲೇ ನಿಂತಿತು. ಬದುಕಿರುವವನಿಗೆ ಇದನ್ನು ಹಾಡುವುದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ.

"ಬದುಕಿರೋರಿಗೆ ಹಾಡ್ತಾರೇನೇ ಪಾಪಿ, ನಿಲ್ಸೇ," ಎಂದ ಮುಲ್ಲಾ. ಆದರೆ ಎದ್ದು ಬರಲಿಲ್ಲ. ಗೋಡೆಗೆ ಮುಖ ಮಾಡಿದವಳನ್ನು ಮುಟ್ಟುವುದು ಹೇಗೆ?

"ಉದಾರಿ ನೀನು, ನನ್ನ ಧಣಿ ಬೈಜಾನನೇ,
ಉಸಿರಿಗೆ ಅಡ್ಡ ಬಟ್ಟೆ ಕೇಳಿದ ನನ್ನ ಎರ್ಗೆಶನಿಗೆ
ಮೀಸೆಯೇ ಸಾಕು ಅಂದೆ.
ಗಂಡನ ಬಾಯಿಗೆ ಕೊಡದ ಬಟ್ಟೆಯ
ಹೆಂಡತಿ ಬಾಯಿಗೆ ತುರುಕಲು ಬಂದೆ."

ಸಾಹೇಬರು ತಟ್ಟೆಯಿಂದ ಕೈ ತೆಗೆದರು. ಬೈಜಾನ ಅರ್ಧ ಎದ್ದಿದ್ದ, ಜರಿಯಂಗಿಯ ಅಂಚು ಕಾಲಿಗೆ ಸಿಕ್ಕಿ ಮತ್ತೆ ಕೂತ. ಹೆಂಡತಿಯ ಕಡೆ ಸನ್ನೆ ಮಾಡಿದ. ಕುಲ್ಯಾಶ್ ಜಾಗ ಬಿಟ್ಟು ಕದಲಲಿಲ್ಲ. ಗಂಡನಿಗೆ ಹಾಡುತ್ತಿರುವ ಸಾವಿನ ಹಾಡಿನ ಪಕ್ಕ ಹೋಗಿ ಕೂರಲು ಅವಳಿಗೆ ಧೈರ್ಯ ಸಾಲಲಿಲ್ಲ. ಆಗ ಬಾಗಿಲ ಬಳಿ ಕಲ್ಬೂ ಕಂಡಳು. ಬೈಜಾನ ಅವಳಿಗೆ ಕೈ ತೋರಿಸಿದ, ಎಬ್ಬಿಸು ಎಂದು. ವಯಸ್ಸಿನಲ್ಲಿ ಹಿರಿಯಳು, ಬುರುಲಳ ಊರಿನವಳೇ. ಸಾಕು ಮಗಳೇ ಎಂದು ರಟ್ಟೆ ಹಿಡಿದು ಎಬ್ಬಿಸಲು ಇವಳೇ ಸರಿ.

ಕಲ್ಬೂ ನಿಧಾನವಾಗಿ ನಡೆದು ಬಂದಳು. ಬುರುಲಳ ಪಕ್ಕ ಬಗ್ಗಿದಳು. ಅವಳು ಧಣಿ ಕೊಟ್ಟ ಶಾಲು ತೆಗೆದು ನೆಲಕ್ಕೆ ಹಾಕಿ, ಅದರ ಮೇಲೆ ಕೂತು, ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯೂರಿದಳು.

"ಕಾಲುವೆ ದಂಡೇಲಿ ಎರ್ಗೆಶ ಮಲಗವ್ನೆ,
ಕಾರಿನ ಗಾಲಿ ಎದೆಮೇಲೆ ಹೊತ್ತವ್ನೆ.
ನೀನೆಲ್ಲಿ ಮಲಗ್ತೀಯೋ, ನಮ್ಮ ಧಣಿ ಬೈಜಾನನೇ,
ನಿನ್ನೆದೆ ಮೇಲೆ ಯಾರ ಕಾರು ನಿಲ್ತದೆ."

ಈಗ ಎರಡು ದನಿ. ಹೊರಗೆ ಅಂಗಳದಲ್ಲಿ ಮಾಮಸಾಲಿ ಸೌದೆ ಒಡೆಯುವುದನ್ನು ಬಿಟ್ಟ. ಸೊಂಟಕ್ಕೆ ಹಗ್ಗ ಬಿಗಿದು, ಸೊಪ್ಪು ನೇತುಹಾಕುವ ಗಳುವೊಂದನ್ನು ಕೋಲಿನ ಹಾಗೆ ಊರಿ ಗುಡಾರದ ಬಾಗಿಲಿಗೆ ಬಂದು ನಿಂತ. "ಅಣ್ಣಾ, ನನ್ನಣ್ಣಾ," ಎಂದು ದನಿ ತೆಗೆದ. ನೀರು ಹೊರುತ್ತಿದ್ದವರು, ಒಲೆಯ ಮುಂದಿದ್ದವರು, ಕೊಟ್ಟಿಗೆಯಲ್ಲಿ ಅಡಗಿಕೊಂಡಿರಿ ಎಂದು ಧಣಿ ಕೂರಿಸಿದ್ದವರು ಒಬ್ಬೊಬ್ಬರಾಗಿ ಗಳು ಹಿಡಿದು ಬಂದರು. ಗುಡಾರದ ಸುತ್ತ ನಿಂತರು. ಎಷ್ಟು ಜನ ಎಂದು ಆ ದಿನದವರೆಗೆ ನೆಂಟರಿಗೆ ಗೊತ್ತಿರಲಿಲ್ಲ.

ಒಳಗೆ ಮಂಜುಗಣ್ಣಿನ ಸೋದರಮಾವನಿಗೆ ಮಾತು ಒಂದೂ ಕೇಳಿಸಿರಲಿಲ್ಲ. ರಾಗ ಮಾತ್ರ ಕೇಳಿಸಿತ್ತು, ಹೊರಗಿನ ಗಂಡಸರ ಗೋಳು ಕೇಳಿಸಿತ್ತು, ಬೈಜಾನನ ಹೆಸರು ಕೇಳಿಸಿತ್ತು. ಅಯ್ಯೋ, ನಮ್ಮ ಬೈಜಾನ ಹೋಗ್ಬಿಟ್ನಾ, ನಂಗ್ಯಾರೂ ಹೇಳಲೇ ಇಲ್ಲವಲ್ಲ ಎಂದು ಗೊಣಗಿಕೊಂಡು, ಎರಡೂ ಅಂಗೈಗಳನ್ನು ಬಿಡಿಸಿ ಎದೆಯ ಮುಂದೆ ಹಿಡಿದು, ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನು ಗಟ್ಟಿಯಾಗಿ ಶುರುಮಾಡಿದ.

ಹಿರಿಯನೊಬ್ಬ ಪ್ರಾರ್ಥನೆ ಎತ್ತಿದಾಗ ಕೈ ಬಿಡಿಸದೆ ಕೂತು ಯಾರಿಗೂ ಅಭ್ಯಾಸವಿಲ್ಲ. ಪಕ್ಕದವನ ಅಂಗೈ ಮೇಲೆದ್ದಿತು. ಅವನ ಪಕ್ಕದವನದು. ಸಾಲಿನುದ್ದಕ್ಕೂ ಜಿಡ್ಡಾದ ಅಂಗೈಗಳು ತೆರೆದುಕೊಳ್ಳುತ್ತ ಹೋದವು. ಮುಲ್ಲಾನ ಕೈ, ಸಾಹೇಬರ ಕೈ, ಕುಲ್ಯಾಶಳ ಬಳೆಯ ಕೈ. ಮುದುಕ ಆಮೀನ್ ಎಂದ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು.

ಮೇಲುಜಾಗದಲ್ಲಿ, ಜರಿಯಂಗಿಯಲ್ಲಿ, ಬೈಜಾನನ ಎರಡೂ ಅಂಗೈಗಳು ತಾವಾಗಿ ಅವನ ಗದ್ದದವರೆಗೆ ಬಂದಿದ್ದವು. ಅವನು ಅವನ್ನೇ ನೋಡುತ್ತ ಕೂತಿದ್ದ.

ಬುರುಲ್ ಹಿಂದಿರುಗಿ ನೋಡಲಿಲ್ಲ. ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತಿದಳು. ಧಣಿಯದು ಮೊದಲು ಮುಗಿಯಬೇಕಿತ್ತು. ಆಮೇಲೆ ಗಂಡನದು.